ಯಾತಕ್ಕೆ ಬೇಕಾಗಿತ್ತಕ್ಕಾ?

ಕಳೆದ ದೀಪಾವಳಿಗೆ ಮುಂಚೆ ಬೀರು ಖಾಲಿ ಮಾಡಿ ಒರೆಸಲು ಕೂತೆ. ಕೆಳಗಿನ ಖಾನೆಯಲ್ಲಿ ಹೊಲಿಯದೆ ಇಟ್ಟ ಬಟ್ಟೆಗಳಿದ್ದವು. ಹತ್ತೋ ಹನ್ನೆರಡೋ ಇರಬಹುದು ಅಂದುಕೊಂಡಿದ್ದೆ. ಮಂಚದ ಮೇಲೆ ಹರಡಿ ಎಣಿಸಿದರೆ 31. ಕೆಲವದರ ಮಡಿಕೆಯೊಳಗೆ ಬಿಲ್ಲು ಹಾಗೇ ಇತ್ತು, ಅಕ್ಷರ ಮಾತ್ರ ಮಾಸಿ ಬರೀ ಬಿಳಿ ಚೀಟಿ ಆಗಿತ್ತು. ಒಂದು ಹಳದಿ ಬಟ್ಟೆ ಮಡಿಕೆಯ ಗೆರೆಯ ಉದ್ದಕ್ಕೂ ಬಣ್ಣ ಬಿಟ್ಟಿತ್ತು. ಅದನ್ನು ಬಿಡಿಸಿದರೆ ಕಿಟಕಿಯ ಸರಳುಗಳ ಹಾಗೆ ನಾಲ್ಕು ಬಿಳಿ ಪಟ್ಟೆ. ಎಷ್ಟು ವರ್ಷದಿಂದ ಅದು ಹಾಗೇ ಮಲಗಿತ್ತೋ. ಒಂದೊಂದನ್ನೇ ಕೈಗೆತ್ತಿಕೊಂಡು ಇದನ್ನು ಯಾಕೆ ತಂದೆ ಅಂತ ನೆನಪಿಸಿಕೊಳ್ಳಲು ನೋಡಿದೆ. ಒಂಬತ್ತಕ್ಕೆ ಉತ್ತರ ಸಿಕ್ಕಿತು. ಉಳಿದ 22ಕ್ಕೆ ಇದ್ದಿದ್ದು ಒಂದೇ ಉತ್ತರ, ಚೆನ್ನಾಗಿತ್ತು, ತಂದೆ.

ಮನೆಯಲ್ಲಿ ಹೊಲಿಗೆ ಮಶೀನ್ ಇಟ್ಟುಕೊಂಡವರಿಗೆ ಈ ಕಾಯಿಲೆ ಗೊತ್ತಿರುತ್ತದೆ, ವಿವರಿಸಬೇಕಿಲ್ಲ. ಆದರೆ ಆವತ್ತು ನನ್ನನ್ನು ಕಾಡಿದ್ದು ಖರ್ಚಲ್ಲ. ರೆಡಿಮೇಡ್ ಅಂಗಡಿಯಲ್ಲಿ ನಾನು ಹೀಗೆ ಮಾಡುವುದೇ ಇಲ್ಲ. ಅಲ್ಲಿ ಹತ್ತು ಸಲ ಯೋಚಿಸುತ್ತೇನೆ, ಹಾಕಿ ನೋಡುತ್ತೇನೆ, ವಾಪಸ್ ನೇತು ಹಾಕಿ ಬರುತ್ತೇನೆ. ಟ್ರಯಲ್ ರೂಮಿನ ಕನ್ನಡಿ ಮುಲಾಜಿಲ್ಲದೆ ಹೇಳಿಬಿಡುತ್ತದೆ. ತಾನಿನಿಂದ, ಅಂದರೆ ಅಂಗಡಿಯ ಬಟ್ಟೆ ಸುರುಳಿಯಿಂದ, ಕತ್ತರಿಸುವ ಬಟ್ಟೆಗೆ ಅಂಥ ಕನ್ನಡಿ ಇಲ್ಲ. ಹೆಗಲ ಮೇಲೆ ಹೊದ್ದು ನಿಂತರೆ ನಾನು ಕಾಣುವುದಿಲ್ಲ, ನನಗಿಂತ ಐದಿಂಚು ಎತ್ತರದ, ಶನಿವಾರ ಭಾನುವಾರ ಎರಡೂ ಬಿಡುವಿರುವ ಇನ್ಯಾರೋ ಕಾಣುತ್ತಾಳೆ. ಅವಳಿಗಾಗಿ ನಾನು 22 ಬಟ್ಟೆ ಕೊಂಡಿದ್ದೆ.

ಚೌಕಿಪೇಟೆಯ ಗಾದಿ

ನಮ್ಮೂರು ದಾವಣಗೆರೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಪಾಠದಲ್ಲಿ ಓದಿದ್ದೆವು. ನನಗೆ ಬುದ್ಧಿ ಬರುವ ಹೊತ್ತಿಗೆ ಕಾಟನ್ ಮಿಲ್ಲುಗಳು ಒಂದೊಂದೇ ಸುಮ್ಮನಾಗುತ್ತಿದ್ದವು. ಬಟ್ಟೆ ಕೊಳ್ಳಬೇಕೆಂದರೆ ಚೌಕಿಪೇಟೆ. ಚಪ್ಪಲಿ ಹೊರಗೆ ಬಿಟ್ಟು, ಬಿಳಿ ಹೊದಿಕೆ ಹಾಸಿದ ಗಾದಿಯ ಮೇಲೆ ಕಾಲು ಮಡಿಚಿ ಕೂರಬೇಕು. ಎದುರಿಗೆ ಅಂಗಡಿಯವರು, ಅವರ ಬೆನ್ನ ಹಿಂದೆ ಸೂರಿನವರೆಗೆ ತಾನುಗಳು. ನಾವು ಹೋಗುತ್ತಿದ್ದ ಅಂಗಡಿಯ ಅಣ್ಣಾರು ಕೂತ ತಕ್ಷಣ ಬಟ್ಟೆ ತೆಗೆದು ಹಾಕುತ್ತಿರಲಿಲ್ಲ. ಮೊದಲು ಒಂದು ಪ್ರಶ್ನೆ. "ಯಾತಕ್ಕೆ ಬೇಕಾಗಿತ್ತಕ್ಕಾ?"

ಒಂದು ಸಲದ್ದು ಚೆನ್ನಾಗಿ ನೆನಪಿದೆ. ನಾನಾಗ ನಾಲ್ಕನೇ ಕ್ಲಾಸು. ಅಮ್ಮ ಹೇಳಿದ್ದು ಹೀಗೆ. "ಈ ಹುಡುಗೀಗೆ ಲಂಗ ಹೊಲೀಬೇಕಣ್ಣಾ. ಹಬ್ಬಕ್ಕೂ ಆಗ್ಬೇಕು, ಆಮೇಲೆ ದಿನಾ ಹಾಕೋಕೂ ಬರ್ಬೇಕು. ಎರಡು ವರ್ಷನಾದ್ರೂ ತಡೀಲಿ." ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಟಕ್ ಎಷ್ಟು ಬಿಡ್ತೀರಿ?" ಅಂದರು. "ಎರಡು." ಮಗು ಬೆಳೆದಂತೆ ಬಿಚ್ಚಿ ಉದ್ದ ಮಾಡಲು ಲಂಗದಲ್ಲಿ ಹೊಲಿದಿಡುವ ಮಡಿಕೆ ಅದು. ಆಮೇಲೆ ಅಣ್ಣಾರು ಎದ್ದು ನಿಂತು ಮೂರೇ ಮೂರು ತಾನು ಇಳಿಸಿದರು. ನನಗೆ ಬೇಕಾಗಿದ್ದು ಅವು ಮೂರೂ ಅಲ್ಲ. ಮೂಲೆಯಲ್ಲಿ ಮಿಂಚುತ್ತಿದ್ದ ಗುಲಾಬಿ ಸ್ಯಾಟಿನ್ ಕಡೆ ಬೆರಳು ತೋರಿಸಿದೆ. "ಅದು ಹಬ್ಬದ ದಿನ ಚೆಂದ ಅವ್ವಾ," ಅಂದರು. "ನಾಕು ಸಲ ಒಗೆದ್ರೆ ಹೊಲಿಗೆ ಹತ್ರ ಎಳೆ ಬಿಡ್ತತಿ. ಟಕ್ ಬಿಚ್ಚಿದ್ರೆ ಸೂಜಿ ಹೋದಲ್ಲೆಲ್ಲ ತೂತು ಕಾಣ್ತತಿ." ಎರಡನೇ ಮಾತು ನನಗೆ ಅರ್ಥವಾಗಿದ್ದು ಇಪ್ಪತ್ತು ವರ್ಷದ ನಂತರ, ನಾನೇ ಸ್ಯಾಟಿನ್ ಮೇಲೆ ತಪ್ಪು ಹೊಲಿಗೆ ಹಾಕಿ ಬಿಚ್ಚಿದ ದಿನ. ಹೊಲಿಗೆ ಬಿಚ್ಚಿದರೂ ಅದರ ಗುರುತು ಚುಕ್ಕಿ ಚುಕ್ಕಿಯಾಗಿ ಅಲ್ಲೇ ಇರುತ್ತದೆ. ಬೆಳೆಯುವ ಮಗುವಿನ ಲಂಗಕ್ಕೆ ಅದನ್ನು ಬಳಸುವುದು ಹೇಗೆ? ಹೆಚ್ಚು ಬೆಲೆಯ ಬಟ್ಟೆಯನ್ನು ಮಾರಾಟ ಮಾಡುವ ಅವಕಾಶವನ್ನು ಆ ಮನುಷ್ಯ ಸುಮ್ನೆ ಬಿಟ್ಟುಕೊಟ್ಟಿದ್ದರು.

ಆಮೇಲೆ ಅಮ್ಮನ ಕೈ ಶುರುವಾಯಿತು. ಮೊದಲು ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಹಿಂಡಿ ಹಿಡಿದುಕೊಂಡು ಬೇರೇನೋ ಮಾತಾಡುತ್ತಾ ಕೂತರು. ಬಿಟ್ಟಾಗ ಸುಕ್ಕು ಎಷ್ಟು ಉಳಿಯಿತು ಅಂತ ಓರೆಗಣ್ಣಲ್ಲಿ ನೋಡಿದರು. ಎರಡು ಪದರ ಸೇರಿಸಿ, ಬಟ್ಟೆ ಒಗೆಯುವ ಹಾಗೆ ತಿಕ್ಕಿದರು. ಗಾದಿಯ ಮೇಲೆ ಬಿಳಿ ಪುಡಿ ಉದುರಿತು. "ಗಂಜೀನೇ ಅರ್ಧ ಐತಲ್ಲಣ್ಣಾ ಇದ್ರಾಗೆ," ಅಂದರು. ಅಣ್ಣಾರು ನಕ್ಕು ಆ ತಾನನ್ನು ಪಕ್ಕಕ್ಕಿಟ್ಟರು. ಅಮ್ಮ ಇನ್ನೊಂದನ್ನು ಬಾಗಿಲ ಬೆಳಕಿಗೆ ಎತ್ತಿ ಹಾಸು ಹೊಕ್ಕು ಎಷ್ಟು ಒತ್ತಾಗಿದೆ ನೋಡಿದರು. ಕರ್ಚೀಫಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಬಟ್ಟೆಯ ಮೇಲೆ ಉಜ್ಜಿ ಬಣ್ಣ ಬರುತ್ತದಾ ಅಂತ ಪರೀಕ್ಷೆ. ನನಗೆ ನಾಚಿಕೆಯಾಗಿ ಬೀದಿ ಕಡೆ ಮುಖ ಮಾಡಿದ್ದೆ. ಕೊನೆಗೆ ಒಪ್ಪಿಗೆಯಾದದ್ದು ಹಸಿರು ಪಾಪ್ಲಿನ್. ಅಣ್ಣಾರು ಗಜಕಡ್ಡಿ ಇಟ್ಟು ಅಳೆದು, ಅಂಚಿನಲ್ಲಿ ಕತ್ತರಿಯಿಂದ ಅರ್ಧ ಇಂಚು ಕಚ್ಚು ಹಾಕಿ, ಎರಡೂ ಕೈಯಲ್ಲಿ ಹಿಡಿದು ಚರ್ರನೆ ಹರಿದರು. ಆ ಸದ್ದು ನನಗೆ ಈಗಲೂ ಇಷ್ಟ. ಕತ್ತರಿ ಎಲ್ಲಿ ಬೇಕಾದರೂ ಸೊಟ್ಟಗೆ ಹೋಗಬಹುದು. ಹರಿದರೆ ಹೊಕ್ಕಿನ ಎಳೆ ಹಿಡಿದೇ ಹೋಗಬೇಕು. ಹರಿದ ಮೇಲೆ ಎರಡು ತುದಿ ಸೇರಿಸಿ ಮಡಿಚಿ ನೋಡಿ, ಬಟ್ಟೆ ನೇರ ಇದೆಯೋ, ಗಿರಣಿಯಲ್ಲಿ ಓರೆಯಾಗಿ ಎಳೆದು ಇಸ್ತ್ರಿ ಮಾಡಿ ಕಳಿಸಿದ್ದಾರೋ ಅಲ್ಲೇ ಗೊತ್ತಾಗುತ್ತದೆ. ಇಲ್ಲದಿದ್ದರೆ ಎರಡನೇ ಒಗೆತಕ್ಕೆ ಕುರ್ತಾದ ಪಕ್ಕದ ಹೊಲಿಗೆ ಹೊಟ್ಟೆ ಮೇಲೆ ತಿರುಗಿ ಬಂದಿರುತ್ತದೆ.

ಆ ಹಸಿರು ಲಂಗ ಎರಡಲ್ಲ, ಮೂರು ವರ್ಷ ಬಂತು. ಆಮೇಲೆ ಕೌದಿಯಲ್ಲಿ ಸೇರಿತು.

ಪ್ಯೂರ್ ಕಾಟನ್ ಮೇಡಂ

ಇಷ್ಟೆಲ್ಲ ಕಣ್ಣಾರೆ ಕಂಡು ಬೆಳೆದವಳು ಬೆಂಗಳೂರಿಗೆ ಬಂದು ಮಾಡಿದ್ದೇನು? ನಾನು ಸ್ವಂತ ದುಡ್ಡಲ್ಲಿ ಮಶೀನ್ ಕೊಂಡ ತಿಂಗಳು ಚಿಕ್ಕಪೇಟೆಯ ಒಂದು ಗಲ್ಲಿಯಲ್ಲಿ, ಸಂಜೆ ಆರೂವರೆಯ ನೂಕುನುಗ್ಗಲಿನಲ್ಲಿ, ಟ್ಯೂಬ್‌ಲೈಟ್ ಬೆಳಕಿನಲ್ಲಿ, ನೀಲಿ ಹೂವಿನ ಎರಡೂವರೆ ಮೀಟರ್ ಬಟ್ಟೆ ತಂದೆ. ಮುಟ್ಟಿದರೆ ತಣ್ಣಗೆ, ಕೈಯಿಂದ ಜಾರುವಷ್ಟು ಮೆತ್ತಗೆ. "ಪ್ಯೂರ್ ಕಾಟನ್ ಮೇಡಂ" ಅಂದ ಹುಡುಗ. ನಂಬಿದೆ. ನೆನೆಸದೇ ಕತ್ತರಿಸಿದೆ. ಎರಡು ಭಾನುವಾರ ಕೂತು ಅಂಬ್ರೆಲಾ ಕುರ್ತಾ ಹೊಲಿದೆ. ಹಾಕಿದ ದಿನ ಆಫೀಸಲ್ಲಿ ಎಲ್ಲರೂ ಎಲ್ಲಿ ತಗೊಂಡ್ರಿ ಅಂತ ಕೇಳಿದ್ದರು. ಒಗೆದ ಮೇಲೆ ತೋಳು ಎರಡು ಇಂಚು ಮೇಲೆ ಹೋಯಿತು. ಓರೆಯಾಗಿ ಕತ್ತರಿಸಿದ ಘೇರು ಮಾತ್ರ ಅದಕ್ಕೆ ಉಲ್ಟಾ, ಎರಡೂ ಪಕ್ಕದಲ್ಲಿ ನಾಯಿ ಕಿವಿಯ ಹಾಗೆ ಜೋತು ಬಿತ್ತು. ಒಂದೇ ಬಟ್ಟೆ ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಇಳಿದಿತ್ತು.

ಅದು ರಯಾನ್ ಆಗಿತ್ತು. ಎಳೆ ಸುಟ್ಟು ನೋಡು ಅಂತ ಯಾರೋ ಹೇಳಿದ್ದನ್ನು ನಾನು ಮಾಡಿದ್ದೆ ಕೂಡ. ಕಾಗದ ಸುಟ್ಟ ವಾಸನೆ, ಬೂದು ಬಣ್ಣದ ಮೆತ್ತನೆ ಬೂದಿ. ಕಾಟನ್ನೇ ಅಂತ ಖುಷಿಪಟ್ಟಿದ್ದೆ. ಈ ಬೆಂಕಿ ಪರೀಕ್ಷೆಯ ತೊಡಕು ಅದೇ. ಪಾಲಿಯೆಸ್ಟರ್ ಇದ್ದರೆ ಕರಗಿ ಗಟ್ಟಿ ಗುಂಡಾಗುತ್ತದೆ, ರೇಷ್ಮೆ ಇದ್ದರೆ ಕೂದಲು ಸುಟ್ಟ ನಾತ ಬರುತ್ತದೆ, ಅಲ್ಲಿಯವರೆಗೆ ಸರಿ. ಆದರೆ ಹತ್ತಿ, ರಯಾನ್ ಎರಡೂ ಗಿಡಮರದ್ದೇ ನಾರು. ಸುಟ್ಟರೆ ಒಂದೇ ಥರ. ಅದಕ್ಕೆ ಬೆಂಕಿಗಿಂತ ನೀರು ವಾಸಿ. ಒಂದು ಎಳೆ ಕಿತ್ತು, ಮಧ್ಯದಲ್ಲಿ ಒದ್ದೆ ಮಾಡಿ ಎಳೆಯಬೇಕು. ರಯಾನ್ ಎಳೆ ಒದ್ದೆ ಮಾಡಿದ ಜಾಗದಲ್ಲೇ ಪಟ್ಟನೆ ತುಂಡಾಗುತ್ತದೆ. ಹತ್ತಿ ಒದ್ದೆಯಾದರೆ ಇನ್ನೂ ಗಟ್ಟಿ. ಇಷ್ಟು ಮಾಡಲು ಅಂಗಡಿಯಲ್ಲಿ ಬಾಟಲಿ ನೀರು ಸಾಕು.

ರಯಾನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೇಸಿಗೆಯಲ್ಲಿ ಅದರಷ್ಟು ಹಿತವಾಗಿ ಮೈಮೇಲೆ ಬೀಳುವ ಬಟ್ಟೆ ಕಡಿಮೆ. ಹೆಸರು ಹೇಳಿ ಮಾರಲಿ ಅಷ್ಟೆ. ಆಮೇಲೆ ಅದರ ಮೂಲ ಕೆದಕಿದಾಗ ಇನ್ನೊಂದು ತಮಾಷೆ ಗೊತ್ತಾಯಿತು. ನಾನು ಬೆಳೆದ ಊರಿನ ಪಕ್ಕದಲ್ಲೇ, ಹರಿಹರದ ಹತ್ತಿರ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಡದ ಕಾರ್ಖಾನೆ ಮಾಡುವುದು ಇದನ್ನೇ. ನೀಲಗಿರಿ ಮರದಿಂದ ತಿರುಳು, ತಿರುಳಿನಿಂದ ರಯಾನ್ ನಾರು. ಚಿಕ್ಕವಳಿದ್ದಾಗ ಬಸ್ಸು ಹರಿಹರ ದಾಟುವಾಗ ನಾತಕ್ಕೆ ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಅದಕ್ಕೂ ಮೆತ್ತನೆ ಬಟ್ಟೆಗೂ ಸಂಬಂಧ ಇದೆ ಅಂತ ಯಾರಿಗೆ ಗೊತ್ತಿತ್ತು? 1987ರಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟಿದ್ದರು. ಕಿತ್ತಿಕೋ ಹಚ್ಚಿಕೋ ಅಂತ ಅದರ ಹೆಸರು. ಊರ ದನ ಮೇಯುವ ಜಮೀನನ್ನು ತಿರುಳಿನ ಮರಕ್ಕೆ ಕೊಟ್ಟಿದ್ದರ ವಿರುದ್ಧ ಎದ್ದ ಸತ್ಯಾಗ್ರಹ. ಚಿಕ್ಕಪೇಟೆಯ ಹುಡುಗನಿಗೆ ಅದು ಗೊತ್ತಿರಬೇಕು ಅಂತ ನಾನೇನೂ ಅಪೇಕ್ಷಿಸುವುದಿಲ್ಲ. ನನಗೆ ಗೊತ್ತಾದ ಮೇಲೆ ಮಾತ್ರ ರಯಾನ್ ತಾನು ಮುಟ್ಟುವಾಗ ಕೈ ಒಂದು ಕ್ಷಣ ತಡೆಯುತ್ತದೆ. ಕೆಲವು ಸಲ ಕೊಳ್ಳುತ್ತೇನೆ. ಕೆಲವು ಸಲ ಇಲ್ಲ.

ಪನ್ನಾ ಎಷ್ಟು?

ಹೊಲಿಯಲು ಕಲಿಯುವವರಿಗೆ ನಾನು ಮೊದಲು ಕೇಳಲು ಹೇಳುವ ಪ್ರಶ್ನೆ ರೇಟಲ್ಲ, ಪನ್ನಾ. ಅಂದರೆ ಬಟ್ಟೆಯ ಅಗಲ. ನಮ್ಮ ಮೈ ಅಳತೆ ಇಂಚಿನಲ್ಲಿ, ಬಟ್ಟೆ ಮಾರುವುದು ಮೀಟರಿನಲ್ಲಿ, ರೇಟು ಉದ್ದಕ್ಕೆ ಮಾತ್ರ. ಅಗಲದ ಸುದ್ದಿಯನ್ನು ನಾವಾಗಿ ಕೇಳದೆ ಯಾರೂ ಎತ್ತುವುದಿಲ್ಲ. ನನ್ನ ಅಳತೆಯ ಒಂದು ನೇರ ಕುರ್ತಾಕ್ಕೆ 44 ಇಂಚಿನ ಪನ್ನಾದಲ್ಲಿ ಎರಡೂವರೆ ಮೀಟರ್ ಬೇಕು, ಮುಂದಿನ ಭಾಗದ ಕೆಳಗೆ ಹಿಂದಿನ ಭಾಗ ಇಟ್ಟು ಕತ್ತರಿಸಬೇಕಲ್ಲ. 58 ಇಂಚಿದ್ದರೆ ಎರಡೂ ಅಕ್ಕಪಕ್ಕ ಕೂರುತ್ತವೆ, ಒಂದೂಮುಕ್ಕಾಲು ಮೀಟರಿನಲ್ಲಿ ಮುಗಿಯುತ್ತದೆ. ಹಾಗಾಗಿ ಮೀಟರಿಗೆ 200 ರೂಪಾಯಿಯ ಚಿಕ್ಕ ಪನ್ನಾಕ್ಕಿಂತ 260ರ ದೊಡ್ಡ ಪನ್ನಾ ಅಗ್ಗ. 500ಕ್ಕೆ ಎದುರಾಗಿ 455. ಈ ಗುಣಾಕಾರವನ್ನು ಬಿಲ್ಲು ಹಾಕಿಸಿದ ಮೇಲೆ ಮನೆಯಲ್ಲಿ ಮಾಡಿದವಳು ನಾನು.

ಪನ್ನಾ ಬರೀ ದುಡ್ಡಿನ ಲೆಕ್ಕವಲ್ಲ ಅಂತ ಕಲಿಸಿದ್ದು ಗುಳೇದಗುಡ್ಡದ ಖಣ, ಅಂದರೆ ರವಿಕೆಗೆಂದೇ ನೇಯುವ ಬಟ್ಟೆ. ಬಾದಾಮಿಗೆ ಹೋದವರು ಅಲ್ಲಿಗೂ ಹೋಗಿ ಮೂರು ಖಣ ತಂದೆವು. ತ್ರಿಕೋನವಾಗಿ ಮಡಿಚಿ ಕೊಟ್ಟಿದ್ದರು, ಉಡಿ ತುಂಬುವಾಗ ಇಡುವ ಹಾಗೆ. ನನ್ನ ತಲೆಯಲ್ಲಿದ್ದದ್ದು ಕುರ್ತಾ. ಮೂರನ್ನೂ ಜೋಡಿಸಿದರೆ ಆಗುತ್ತದೆ ಅಂತ ಲೆಕ್ಕ. ಊಟದ ಮೇಜಿನ ಮೇಲೆ ಹರಡಿ ಒಂದು ಗಂಟೆ ತಿರುಗಿಸಿ ತಿರುಗಿಸಿ ನೋಡಿದೆ. ಹೇಗಿಟ್ಟರೂ ಅಂಚು ಅಡ್ಡ ಬರುತ್ತಿತ್ತು. ಎದೆಯ ಮೇಲೊಂದು, ಸೊಂಟದ ಕೆಳಗೊಂದು. ಅಂಚು ಕತ್ತರಿಸಿದರೆ ಅಗಲ ಸಾಲದು. ಕತ್ತರಿಸದಿದ್ದರೆ ಪಟ್ಟೆ ಹೊದ್ದ ಕಂಬ. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, "ಕುಬಸದ ಬಟ್ಟೇನ ಕುಬಸಕ್ಕೇ ಬಿಡು" ಅಂದರು. ಒಂದನ್ನು ಕುಬಸಕ್ಕೆ ಇಟ್ಟು ನೋಡಿದೆ. ಎಡ ಅಂಚು ಒಂದು ತೋಳಿನ ತುದಿಗೆ, ಬಲ ಅಂಚು ಇನ್ನೊಂದು ತೋಳಿನ ತುದಿಗೆ ತಾನಾಗಿ ಹೋಗಿ ಕೂತಿತು. ಮಧ್ಯದ ಬುಟ್ಟಾ ಬೆನ್ನಿಗೂ ಎದೆಗೂ. ಉಳಿದದ್ದು ಒಂದು ಹಿಡಿ ಚೂರು. ನೇಯುವವರು ಮಗ್ಗಕ್ಕೆ ಹಾಸು ಏರಿಸುವಾಗಲೇ ತೋಳು ಎಲ್ಲಿ ಬರುತ್ತದೆ ಅಂತ ತೀರ್ಮಾನಿಸಿದ್ದರು. ನಾನು ಮೇಜಿನ ಮುಂದೆ ಒಂದು ಗಂಟೆ ಅವರ ಜೊತೆ ಜಗಳ ಆಡಿದ್ದೆ ಅಷ್ಟೆ. ಉಳಿದ ಎರಡು ಖಣಗಳಲ್ಲಿ ಒಂದು ಅಮ್ಮನಿಗೆ, ಒಂದು ಅತ್ತಿಗೆಗೆ ಹೋಯಿತು.

ಕೈಮಗ್ಗದ ಬೆಲೆ ಜಾಸ್ತಿ ಅಂತ ನಾನೂ ಗೊಣಗಿದ್ದೇನೆ. ಆ ಅಂಗಡಿಗಳಲ್ಲಿ ಬಟ್ಟೆಗಿಂತ ದೊಡ್ಡದಾಗಿ ನೇತಾಡುವ ಕತೆಯ ಚೀಟಿಗಳು ನನಗೆ ಈಗಲೂ ಕಿರಿಕಿರಿ. ಬಟ್ಟೆ ತಾನೇ ಹೇಳುತ್ತದೆ, ನೋಡಬೇಕು. ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ಸೂಜಿ ತೂತುಗಳಿದ್ದರೆ, ಮಗ್ಗದ ಮೇಲೆ ಅಗಲ ಕುಗ್ಗದಂತೆ ಎರಡೂ ತುದಿಯಲ್ಲಿ ಮೊಳೆಯಿರುವ ಕಡ್ಡಿ ಚುಚ್ಚಿ ಹಿಗ್ಗಿಸಿ ಹಿಡಿದ ಗುರುತು ಇರಬಹುದು ಅದು. ನೇಯ್ದಷ್ಟೂ ಆ ಕಡ್ಡಿಯನ್ನು ಕಿತ್ತು ಮುಂದಕ್ಕೆ ಚುಚ್ಚುತ್ತಾ ಹೋಗುತ್ತಾರೆ. ಹೆಗ್ಗೋಡಿನ ಚರಕ ಅನ್ನುವ ಮಹಿಳಾ ಸಹಕಾರ ಸಂಘದ ಬಟ್ಟೆ ಮೊದಲ ಸಲ ತಂದಾಗ ಆ ಮಂಕು ಕಂದು ಬಣ್ಣ ನನಗೆ ಅಷ್ಟು ಹಿಡಿಸಿರಲಿಲ್ಲ. ಅದು ಚೊಗರಿನ ಬಣ್ಣ. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುತ್ತದಲ್ಲ, ಆ ರಸ. ಮಲೆನಾಡಿನವರಿಗೆ ಹೇಳಬೇಕಿಲ್ಲ, ಬಟ್ಟೆಗೆ ಒಮ್ಮೆ ಚೊಗರು ತಾಗಿದರೆ ಜನ್ಮದಲ್ಲಿ ಹೋಗುವುದಿಲ್ಲ ಅಂತ ಬೈಸಿಕೊಂಡೇ ಬೆಳೆದಿರುತ್ತಾರೆ. ಆ ಕಲೆಯನ್ನೇ ಬಣ್ಣ ಮಾಡಿಕೊಂಡವರ ತಲೆಗೆ ಮೆಚ್ಚಬೇಕು. ಆ ಕುರ್ತಾ ಈಗಲೂ ಇದೆ. ಮೊಣಕೈ ಹತ್ತಿರ ತೆಳುವಾಗಿದೆ, ಬಣ್ಣ ಇನ್ನಷ್ಟು ಮಂಕಾಗಿದೆ, ಈಗ ನನಗೆ ಹಿಡಿಸುತ್ತದೆ.

ಇನ್ನು ಅಗ್ಗದ ಬಟ್ಟೆಯ ವಿಷಯ. 80 ರೂಪಾಯಿ ಮೀಟರಿನ ಬಟ್ಟೆಗೂ, 400 ರೂಪಾಯಿಯದ್ದಕ್ಕೂ ನಾನು ಕೂರುವ ಹೊತ್ತು ಅಷ್ಟೇ. ಪಾಕೆಟ್ ಇಟ್ಟು, ಒಳಗಿನ ಅಂಚುಗಳನ್ನೆಲ್ಲ ಮಡಿಚಿ ಹೊಲಿದರೆ ಎರಡು ಭಾನುವಾರ. ಆರನೇ ಒಗೆತಕ್ಕೆ ಗುಂಜು ಏಳುವ ಬಟ್ಟೆಗೆ ಎರಡು ಭಾನುವಾರ ಕೊಡಲು ಈಗ ಹೊಟ್ಟೆ ಉರಿಯುತ್ತದೆ. ಹಾಗಂತ ಹೊಸ ಅಳತೆ ಪರೀಕ್ಷಿಸಲು ಆ 80ರ ಬಟ್ಟೆಯೇ ಬೇಕು, ಖಾದಿಯ ಮೇಲೆ ಪ್ರಯೋಗ ಮಾಡುವ ಧೈರ್ಯ ನನಗಿಲ್ಲ. ಆನ್‌ಲೈನ್ ಬಗ್ಗೆ ಜಾಸ್ತಿ ಹೇಳಲ್ಲ. ಫೋಟೋದಲ್ಲಿ ಗಂಜಿ ಉದುರುವುದಿಲ್ಲ.

ಯಾವ ರೇಂಜು?

ಹೋದ ವರ್ಷ ಅಮ್ಮನ ಜೊತೆ ಮತ್ತೆ ಚೌಕಿಪೇಟೆಗೆ ಹೋಗಿದ್ದೆ. ಅಣ್ಣಾರು ಇಲ್ಲ, ಮಗ ನೋಡಿಕೊಳ್ಳುತ್ತಾನೆ. ಗಾದಿಯ ಬದಲು ಗಾಜಿನ ಕೌಂಟರು, ಎತ್ತರದ ಸ್ಟೂಲು. ಅಮ್ಮನಿಗೆ ಸ್ಟೂಲು ಹತ್ತಲು ಆಗಲಿಲ್ಲ, ಒಳಗಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿಕೊಟ್ಟ. ಒಳ್ಳೆಯ ಹುಡುಗ. "ಯಾವ ರೇಂಜಲ್ಲಿ ತೋರಿಸ್ಲಿ ಮೇಡಂ?" ಅಂತ ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಅಮ್ಮ, "ದಿನಾ ಮನೇಲಿ ಉಡೋ ಸೀರೆಗೆ ಒಳಲಂಗ ತಮ್ಮಾ, ಕಾಲಿಗೆ ಸುತ್ಕೋಬಾರ್ದು, ದಪ್ಪ ಇರ್ಬಾರ್ದು" ಅಂದರು. ಕೇಳದ ಪ್ರಶ್ನೆಗೆ ಉತ್ತರ. ಅವನು ಒಂದು ಕ್ಷಣ ನಿಂತ, ಮುಂದೆ ಹರಡಿದ್ದನ್ನೆಲ್ಲ ಸರಿಸಿ ಒಳಗೆ ಹೋಗಿ ಒಂದೇ ಒಂದು ತಾನು ತಂದ. ಅಪ್ಪನ ಕೈಕೆಳಗೆ ಕಲಿತವನೇ ಇರಬೇಕು. ಕೇಳುವವರು ಕಡಿಮೆಯಾದ ಮೇಲೆ ಪ್ರಶ್ನೆಯೂ ಬದಲಾಗಿದೆ.

ಮಂಚದ ಮೇಲೆ 31 ಬಟ್ಟೆ ಹರಡಿಕೊಂಡು ಕೂತಿದ್ದೆನಲ್ಲ, ಆಗ ಅಮ್ಮ ಇಲ್ಲೇ ಇದ್ದರು. ಬಾಗಿಲಲ್ಲಿ ನಿಂತು ನೋಡಿ, ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಬಂದು ಕೂತು ನೀಲಿ ಅದ್ದಿದ ಒಂದು ಕಾಟನ್ ಎತ್ತಿಕೊಂಡರು. "ಇದು ಯಾತಕ್ಕೆ ತಂದಿದ್ದೆ?" "ಗೊತ್ತಿಲ್ಲಮ್ಮ." "ಎಷ್ಟೈತಿ?" "ಎರಡೂವರೆ." ಅಮ್ಮ ಬಟ್ಟೆಯ ತುದಿಯನ್ನು ಮೂಗಿಗೆ ಹಿಡಿದು, ತೋಳು ಚಾಚಿ, ಗಜದ ಲೆಕ್ಕದಲ್ಲಿ ಅಳೆದರು. ಮುಖ ಸಿಂಡರಿಸಿದರು. ಟೇಪ್ ತಂದು ಅಳೆದರೆ ಎರಡು ಮೀಟರ್ 45. "ಎಳೆದು ಹಿಡಿದು ಅಳೆದಾರೆ," ಅಂದರು, "ನೀನು ಬಣ್ಣ ನೋಡ್ಕೊಂತ ನಿಂತಿದ್ದಿ."

ಬಕೆಟ್ಟಿಗೆ ಹಾಕಿ ನೆನೆಸಿದೆವು. ಮೊದಲನೇ ನೀರು ಶಾಯಿ. ಎರಡನೆಯದು ಆಕಾಶ. ಮೂರನೆಯದರಲ್ಲಿ ಬಕೆಟ್ಟಿನ ತಳ ಕಂಡಿತು. ಟೆರೇಸಿನಲ್ಲಿ ನೆರಳಿಗೆ ಒಣಗಿಸಿ, ಸಂಜೆ ಅಮ್ಮನೇ ಮತ್ತೆ ಟೇಪ್ ಹಿಡಿದರು. ಎರಡು ಮೀಟರ್ 35. ಎರಡೂವರೆ ಅಂತ ತಂದ ಬಟ್ಟೆಯಲ್ಲಿ ಒಂದು ತೋಳು ಹೋಗಿತ್ತು.

"ಪೂರ್ತಿ ತೋಳು ಆಗಲ್ಲ," ಅಂದೆ.

"ಅರ್ಧ ತೋಳು ಇಡು. ಪಕ್ಕದಾಗೆ ಚೂರು ಉಳೀತತಿ, ನನ್ನ ದಿಂಬಿಗೆ ಒಂದು ಕವರ್ ಮಾಡು," ಅಂದು ಮಂಚದ ಮೇಲಿನ ಇನ್ನೊಂದು ಬಟ್ಟೆ ಎತ್ತಿಕೊಂಡು ಮೂಗಿಗೆ ಹಿಡಿದರು.